ಅಳೆದು ಕೊಟ್ಟ ಖಲೀಫರು: ಉಮರ್(ರ)ರ ದೀವಾನ್

ಸರಕಾರವು ಪ್ರಜೆಗಳ ಕೈಗೆ ನೇರವಾಗಿ ಹಣ ನೀಡುವುದು ಸರಿಯೇ? 2016-17ರ ಭಾರತದ ಆರ್ಥಿಕ ಸಮೀಕ್ಷೆಯು ಸಾರ್ವತ್ರಿಕ ಮೂಲ ಆದಾಯದ ಚರ್ಚೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿತ್ತು. 2023ರಲ್ಲಿ ನಮ್ಮ ರಾಜ್ಯದಲ್ಲಿ ಗೃಹಲಕ್ಷ್ಮಿ ಯೋಜನೆ ಜಾರಿಯಾದಾಗ, ‘ಹೀಗೆ ಕೊಟ್ಟರೆ ಜನರು ದುಡಿಮೆ ಬಿಡುವುದಿಲ್ಲವೇ?’ ಎಂಬ ಮಾತನ್ನು ನಾವೆಲ್ಲರೂ ಕೇಳಿದೆವು. ಇದೇ ಪ್ರಶ್ನೆ ಹದಿಮೂರೂವರೆ ಶತಮಾನಗಳಿಗೂ ಹಿಂದೆ ಮದೀನಾದಲ್ಲಿ ಎದ್ದಿತ್ತು.

ದ್ವಿತೀಯ ಖಲೀಫಾ ಉಮರ್(ರ)ರ ಆಡಳಿತ ಕಾಲದಲ್ಲಿ ಅಬೂ ಹುರೈರಾ(ರ) ಬಹರೈನ್‌ನಿಂದ ಐದು ಲಕ್ಷ ದಿರ್‌ಹಮ್ ತಂದರು. ಖಲೀಫರಿಗೆ ನಂಬಿಕೆಯಾಗಲಿಲ್ಲ, ಮೊತ್ತವನ್ನು ಮತ್ತೆ ಮತ್ತೆ ಕೇಳಿದರು. ಈ ಸಂಪತ್ತನ್ನು ಏನು ಮಾಡುವುದೆಂದು ಅನುಚರರೊಡನೆ ಸಮಾಲೋಚಿಸಿದ ಬಳಿಕ, ಹಿಜರಿ 20ರ ಸುಮಾರಿಗೆ ‘ದೀವಾನ್’ ಎಂಬ ದಾಖಲೆ ಪುಸ್ತಕವು ರೂಪುಗೊಂಡಿತು. ಅಕೀಲ್ ಬಿನ್ ಅಬೀ ತಾಲಿಬ್, ಮಖ್ರಮಾ ಬಿನ್ ನೌಫಲ್ ಮತ್ತು ಜುಬೈರ್ ಬಿನ್ ಮುತ್ಇಮ್ ಹೆಸರುಗಳನ್ನು ಬರೆದರು. ಉಮರ್(ರ) ತಮ್ಮ ಕುಲವನ್ನು ಮೊದಲು ಬರೆಯಗೊಡಲಿಲ್ಲ. ಪ್ರವಾದಿವರ್ಯರ(ಸ) ಬಂಧುಗಳಿಂದ ಪಟ್ಟಿ ಆರಂಭವಾಗಬೇಕೆಂದರು.

ಆಗ ಅಬೂ ಸುಫ್ಯಾನ್(ರ) ಆಕ್ಷೇಪವೆತ್ತಿದರೆಂದು ಇತಿಹಾಸಕಾರ ಬಲಾದುರಿ ದಾಖಲಿಸಿದ್ದಾರೆ. ಜನರು ದೀವಾನನ್ನೇ ನಂಬಿ ಕುಳಿತು ವ್ಯಾಪಾರವನ್ನು ಕೈಬಿಡುವರು ಎಂಬುದು ಅವರ ಆತಂಕ. ಉಮರ್(ರ) ಅದನ್ನು ಅಲ್ಲಗಳೆಯಲಿಲ್ಲ. ಸಾರ್ವಜನಿಕ ಸಂಪತ್ತು ಹೆಚ್ಚಿರುವಾಗ ಅದನ್ನು ಹಂಚದೆ ವಿಧಿಯಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ಸಂಪತ್ತು ಶ್ರೀಮಂತರ ನಡುವೆ ಮಾತ್ರ ಸುತ್ತುತ್ತಿರಬಾರದೆಂಬ ಸೂರಃ ಅಲ್ ಹಶ್ರ್‌ನ ಬೋಧನೆ ಅವರ ಆರ್ಥಿಕ ನೀತಿಗೆ ಆಧಾರವಾಗಿತ್ತು.

ಎಷ್ಟು ಕೊಡಬೇಕು? ಇಲ್ಲಿ ಖಲೀಫರು ಊಹೆಯನ್ನು ನೆಚ್ಚಲಿಲ್ಲ. ಒಂದು ಜರೀಬ್ ಧಾನ್ಯವನ್ನು ಹಿಟ್ಟು ಮಾಡಿಸಿ, ರೊಟ್ಟಿ ಸುಡಿಸಿ, ಎಣ್ಣೆ ಬೆರೆಸಿ, ಮೂವತ್ತು ಜನರನ್ನು ಕರೆದು ಬೆಳಗಿನ ಊಟವನ್ನು ಹೊಟ್ಟೆತುಂಬ ಬಡಿಸಿದರು. ಸಂಜೆಯ ಊಟಕ್ಕೂ ಹಾಗೆಯೇ ಮಾಡಿದರು. ಅಂದರೆ ಮೂವತ್ತು ಮಂದಿಯ ಒಂದು ದಿನದ ಎರಡು ಊಟಕ್ಕೆ ಎರಡು ಜರೀಬ್. ಅದೇ ಲೆಕ್ಕದಲ್ಲಿ ಒಬ್ಬನಿಗೆ ಮೂವತ್ತು ದಿನಗಳಿಗೂ ಎರಡು ಜರೀಬ್. ಪುರುಷ, ಸ್ತ್ರೀ, ಗುಲಾಮ ಎಂಬ ಭೇದವಿಲ್ಲದೆ ಆ ಪ್ರಮಾಣ ನಿಗದಿಯಾಯಿತು.

ತಪ್ಪು ಕಂಡಾಗ ತಿದ್ದುವ ಧೈರ್ಯವೂ ಅವರಲ್ಲಿತ್ತು. ಮೊದಲು ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಭತ್ಯೆಯಿತ್ತು. ಒಂದು ರಾತ್ರಿ ಪಹರೆಯಲ್ಲಿದ್ದಾಗ ಮಗುವೊಂದು ಎಡೆಬಿಡದೆ ಅಳುತ್ತಿತ್ತು. ವಿಚಾರಿಸಿದರೆ, ಭತ್ಯೆ ಬೇಗ ಸಿಗಲೆಂದು ತಾಯಿಯೇ ಅವಧಿಗೆ ಮುನ್ನ ಹಾಲು ಬಿಡಿಸುತ್ತಿದ್ದಳು. ಎದುರಿಗಿರುವವರು ಖಲೀಫರೆಂದು ಅವಳಿಗೆ ತಿಳಿದಿರಲಿಲ್ಲ. ಅಂದಿನ ಫಜ್ರ್ ನಮಾಝಿನಲ್ಲಿ ಅಳುವಿನಿಂದ ಅವರ ಕುರ್‌ಆನ್ ಪಾರಾಯಣ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ಬಳಿಕ, ಹುಟ್ಟಿದ ಪ್ರತಿಯೊಂದು ಮಗುವಿಗೂ ಭತ್ಯೆ ಎಂಬ ಆಜ್ಞೆ ಹೊರಟಿತು.

ಆದರೂ ನಾವು ಈ ಇತಿಹಾಸವನ್ನು ಉತ್ಪ್ರೇಕ್ಷಿಸಬಾರದು. ದೀವಾನ್ ಇಂದಿನ ಅರ್ಥದ ಸಾರ್ವತ್ರಿಕ ಆದಾಯವಾಗಿರಲಿಲ್ಲ. ಗೆದ್ದ ಭೂಮಿಯ ಖರಾಜ್ ಅದರ ಪ್ರಮುಖ ಮೂಲವಾಗಿತ್ತು. ಅದನ್ನು ತೆತ್ತ ರೈತರಲ್ಲಿ ಹೆಚ್ಚಿನವರು ಪಟ್ಟಿಯಲ್ಲಿರಲಿಲ್ಲ. ನಗದು ಭತ್ಯೆ ಸಮಾನವೂ ಆಗಿರಲಿಲ್ಲ. ಅಬೂಬಕರ್(ರ) ಎಲ್ಲರಿಗೂ ಸಮಾನವಾಗಿ ಹಂಚಿದ್ದರೆ, ಉಮರ್(ರ) ಇಸ್ಲಾಮಿನ ಸೇವೆಯಲ್ಲಿ ಮುಂಚೂಣಿಯಲ್ಲಿದ್ದವರಿಗೆ ಹೆಚ್ಚು ಕೊಟ್ಟರು. ಬದ್ರ್‌ನಲ್ಲಿ ಪಾಲ್ಗೊಂಡವರಿಗೆ ವರ್ಷಕ್ಕೆ 5,000 ದಿರ್‌ಹಮ್ ಇತ್ತು. ಕೊನೆಗಾಲದಲ್ಲಿ, ತಾವು ಬದುಕಿದ್ದರೆ ಎಲ್ಲರನ್ನೂ ಸಮಾನರನ್ನಾಗಿಸುವ ಇಂಗಿತವನ್ನು ಅವರು ವ್ಯಕ್ತಪಡಿಸಿದ್ದರು. ಆದರೆ ಕ್ರಿ.ಶ. 644ರಲ್ಲಿ ಹುತಾತ್ಮರಾದರು.

ತನ್ನ ಪಾಲನ್ನು ಸ್ವೀಕರಿಸದವರೂ ಇದ್ದರು. ಯಾರಿಂದಲೂ ಏನನ್ನೂ ಪಡೆಯುವುದಿಲ್ಲವೆಂದು ಪ್ರವಾದಿವರ್ಯರಿಗೆ(ಸ) ಮಾತು ಕೊಟ್ಟಿದ್ದ ಹಕೀಮ್ ಬಿನ್ ಹಿಝಾಮ್(ರ) ಕೊನೆಯುಸಿರಿನವರೆಗೂ ಅದನ್ನು ಮುಟ್ಟಲಿಲ್ಲ. ಆದರೆ ಉಮರ್(ರ) ಅವರ ಹಕ್ಕನ್ನು ಅಳಿಸಲಿಲ್ಲ. ಜನರನ್ನು ಸಾಕ್ಷಿಯಾಗಿಸಿ ಅದನ್ನು ಅವರ ಮುಂದಿಟ್ಟರು. ಬೇಡವೆನ್ನುವುದು ಪಡೆಯುವವನ ಆತ್ಮಗೌರವ. ತಲುಪಿಸುವುದು ಆಳುವವನ ಹೊಣೆ.

ಮೂಲ ಆದಾಯ ಬೇಕೇ ಬೇಡವೇ ಎಂಬುದನ್ನು ಇಂದಿನ ಸರಕಾರಗಳು ತಮ್ಮ ಬೊಕ್ಕಸ ಮತ್ತು ಪ್ರಜೆಗಳ ಸ್ಥಿತಿಯನ್ನು ನೋಡಿ ತೀರ್ಮಾನಿಸಲಿ. ಆದರೆ ಸೋಮಾರಿತನದ ಆರೋಪ ಹೊರಿಸುವ ಮುನ್ನ ನಾವು ಆ ರಾತ್ರಿಯ ತಾಯಿಯನ್ನು ನೆನೆಯೋಣ. ಅವಳ ಮಗುವಿನ ಅಳುವಿಗೆ ಕಾರಣ ಅವಳ ದುರಾಸೆಯಲ್ಲ, ತಮ್ಮ ನಿಯಮವೇ ಎಂದು ಖಲೀಫರು ಅರಿತುಕೊಂಡರು. ಅಧಿಕಾರವು ಅಮಾನತ್ ಎಂಬ ಆ ಪ್ರಜ್ಞೆಯನ್ನು ಅಲ್ಲಾಹನು ನಮ್ಮನ್ನಾಳುವವರಿಗೂ ನಮಗೂ ಕರುಣಿಸಲಿ.