ನಿರಕ್ಷರಕುಕ್ಷಿ ಎಂದರೆ ಯಾರು? ಕನ್ನಡ ಓದಲು ಬಾರದವರೆಲ್ಲ ಅನಕ್ಷರಸ್ಥರೇ?

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ, ಮರಾಠಿ ಮನೆಮಾತಿನವರೂ ಇದ್ದಾರೆ. ಇಲ್ಲಿ ಕನ್ನಡದ ಅರ್ಜಿ ಓದಲು ತಡವರಿಸಿದವರಿಗೆ 'ಸಾಲಿ ಕಲಿತಿಲ್ಲೇನು?' ಎಂಬ ಪ್ರಶ್ನೆ ಎದುರಾಗಬಹುದು. ಅವರು ಮರಾಠಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವರೂ ಆಗಿರಬಹುದು. ಹಾಗಾದರೆ ಅನಕ್ಷರಸ್ಥರು ಯಾರು?

ಪದದ ಅರ್ಥ

'ಅನಕ್ಷರಸ್ಥ' ಎಂದರೆ ಓದು ಬರಹ ಬಾರದವರು. 'ನಿರಕ್ಷರಕುಕ್ಷಿ' ಪದದಲ್ಲಿ ಕುಕ್ಷಿ ಎಂದರೆ ಹೊಟ್ಟೆ. ಹೊಟ್ಟೆಯಲ್ಲಿ ಒಂದಕ್ಷರವೂ ಇಲ್ಲದವರು ಎಂಬ ಮೂದಲಿಕೆ ಅದರಲ್ಲಿದೆ. ಮರಾಠಿಯ 'ನಿರಕ್ಷರ' ಓದು ಬಾರದ ಸ್ಥಿತಿಯನ್ನಷ್ಟೇ ಹೇಳುತ್ತದೆ. 'ಅಡಾಣಿ' ಎಂಬ ಮರಾಠಿ ಪದಕ್ಕೆ ಓದು ಬಾರದವರು, ತಿಳಿವಳಿಕೆ ಇಲ್ಲದವರು ಎಂಬ ಎರಡೂ ಅರ್ಥಗಳಿವೆ. ಗೊಂದಲ ಹುಟ್ಟುವುದೇ ಇಲ್ಲಿ.

ನಂಬಿಕೆ: ಕನ್ನಡ ಓದಲು ಬಾರದವರು ಅನಕ್ಷರಸ್ಥರು
ನಿಜ: ಅಲ್ಲ. ಜನಗಣತಿಯ ಪ್ರಕಾರ, ಯಾವುದೇ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲ, 7 ವರ್ಷ ತುಂಬಿದ ವ್ಯಕ್ತಿ ಅಕ್ಷರಸ್ಥ. ಶಾಲೆಗೆ ಹೋಗಿರಲೇಬೇಕು ಎಂದೂ ಇಲ್ಲ. 2011ರ ಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಸಾಕ್ಷರತೆ ಶೇ. 73.48. ಮರಾಠಿ ಮಾತ್ರ ಓದಿ ಬರೆಯಬಲ್ಲವರೂ ಈ ಲೆಕ್ಕದಲ್ಲಿದ್ದಾರೆ.

ನಂಬಿಕೆ: ಸಹಿ ಮಾಡಲು ಬಂದರೆ ಅಕ್ಷರಸ್ಥ
ನಿಜ: ಸಹಿಯೊಂದೇ ಸಾಲದು. ಓದಲು ಮಾತ್ರ ಬಂದು ಬರೆಯಲು ಬಾರದವರನ್ನೂ ಗಣತಿ ಅಕ್ಷರಸ್ಥರೆಂದು ಪರಿಗಣಿಸುವುದಿಲ್ಲ.

ನಂಬಿಕೆ: ಹೆಬ್ಬೆಟ್ಟು ಒತ್ತುವವರು ಅನಕ್ಷರಸ್ಥರು
ನಿಜ: ಹಿಂದೆ 'ಹೆಬ್ಬೆಟ್ಟು' ಎಂದರೆ ಅದೇ ಅರ್ಥವಿತ್ತು. ಈಗ ಆಧಾರ್‌ಗೆ, ರೇಷನ್‌ಗೆ ಪದವೀಧರರೂ ಬೆರಳು ಒತ್ತುತ್ತಾರೆ.

ನಂಬಿಕೆ: ಓದು ಬಾರದವರಿಗೆ ಬುದ್ಧಿ ಕಡಿಮೆ
ನಿಜ: ಓದು ಕಲಿತು ಬರುವ ವಿದ್ಯೆ, ಕಲಿಯಲು ಅವಕಾಶ ಸಿಗದಿದ್ದರೆ ಅದು ಬುದ್ಧಿಯ ಕೊರತೆಯಲ್ಲ. ಅಥಣಿಯಲ್ಲಿ ಪಾದದ ಅಳತೆಗೆ ಚರ್ಮ ಕತ್ತರಿಸಿ ಚಪ್ಪಲಿ ಹೊಲಿಯುವುದಕ್ಕೂ, ನಿಪ್ಪಾಣಿಯಲ್ಲಿ ತಂಬಾಕಿನ ಎಲೆಯ ಗುಣ ಗುರುತಿಸುವುದಕ್ಕೂ ಲೆಕ್ಕ, ನೆನಪು, ಅನುಭವ ಬೇಕು.

ಹೇಗೆ ಬಳಸಬೇಕು?

'ನಿರಕ್ಷರಕುಕ್ಷಿ', 'ಹೆಬ್ಬೆಟ್ಟು', 'ಅಡಾಣಿ' ಪದಗಳನ್ನು ವ್ಯಕ್ತಿಗೆ ಅಂಟಿಸದಿರುವುದೇ ಒಳ್ಳೆಯದು. 'ಅವರಿಗೆ ಕನ್ನಡ ಓದಲು ಬರುವುದಿಲ್ಲ' ಎಂದರೆ ವಿಷಯ ಸ್ಪಷ್ಟವಾಗುತ್ತದೆ, ಅವಮಾನವೂ ಆಗುವುದಿಲ್ಲ. ಅವಮಾನಕ್ಕೆ ಹೆದರಿದವರು ಓದು ಬಾರದ್ದನ್ನು ಮುಚ್ಚಿಡುತ್ತಾರೆ. ಗೊತ್ತಿಲ್ಲದ ಸಾಲಪತ್ರಕ್ಕೆ ಬೆರಳು ಒತ್ತುತ್ತಾರೆ, ಔಷಧಿ ಚೀಟಿಯನ್ನು ಅಂದಾಜಿನಲ್ಲೇ ಪಾಲಿಸುತ್ತಾರೆ. ನಿಮ್ಮ ಮನೆಯಲ್ಲೂ ಅಂಥ ಹಿರಿಯರಿದ್ದರೆ ಕಾಗದವನ್ನು ಅವರ ಭಾಷೆಯಲ್ಲೇ ಪೂರ್ತಿ ಓದಿ ಹೇಳಿ. ಹೆಬ್ಬೆಟ್ಟು ಆಮೇಲೆ.