ಸರ್ಕಾರ ಇಲ್ದೆ ಮಾರುಕಟ್ಟೆ ನಡೀತದಾ? ನಮ್ಮೂರಿನ ಇತಿಹಾಸ ಏನು ಹೇಳ್ತದೆ ನೋಡಿ

1/6
ಕಾಮರ್ಸ್ ಓದೋರೆಲ್ಲ ಒಂದಲ್ಲ ಒಂದು ಸಲ ಕೇಳಿರೋ ವಾದ ಇದು: ಕೊಳ್ಳೋರು, ಮಾರೋರು ಇದ್ರೆ ಸಾಕು, ಸರ್ಕಾರ ನಡುವೆ ಬರದಿದ್ರೆ ಮಾರುಕಟ್ಟೆ ಇನ್ನೂ ಚೆನ್ನಾಗಿ ನಡೀತದೆ. ಹೀಗೆ ಹೇಳೋರು ಆಡಂ ಸ್ಮಿತ್ ಹೆಸರು ತರ್ತಾರೆ. ಆದ್ರೆ 1776ರ ತನ್ನ ಪುಸ್ತಕದಲ್ಲಿ ಸ್ಮಿತ್ ಸರ್ಕಾರಕ್ಕೆ ಮೂರು ಕೆಲಸ ವಹಿಸಿದ್ದಾನೆ: ದೇಶದ ರಕ್ಷಣೆ, ನ್ಯಾಯ, ರಸ್ತೆ ಸೇತುವೆಯಂಥ ಸಾರ್ವಜನಿಕ ಕೆಲಸ. ಸರ್ಕಾರ ಇಲ್ಲ ಅಂದ್ರೆ ಈ ಮೂರನ್ನ ಯಾರು ಮಾಡ್ತಾರೆ? ಉತ್ತರಕ್ಕೆ ಲಂಡನ್ನಿನ ತನಕ ಹೋಗೋದು ಬೇಡ. ನಮ್ಮ ಕಡೆಯ ಎರಡು ಉದಾಹರಣೆ ಕೊಡ್ತೇನೆ. ಸ್ವೈಪ್ ಮಾಡಿ.

2/6
ಮೊದಲನೇದು ಸುಮಾರು ಸಾವಿರ ವರ್ಷ ಹಿಂದಿನದು. ನಮ್ಮ ಶಿರಸಿ ತಾಲ್ಲೂಕಿನ ಬನವಾಸಿ ಹೆಸರಲ್ಲಿ ಆಗ ಬನವಾಸಿ ಹನ್ನೆರಡು ಸಾವಿರ ಅನ್ನೋ ದೊಡ್ಡ ನಾಡಿತ್ತು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದರ ಆಡಳಿತ ಕೇಂದ್ರ ಬಳ್ಳಿಗಾವೆ, ಅಂದ್ರೆ ಈಗಿನ ಶಿಕಾರಿಪುರ ತಾಲ್ಲೂಕು. ಅಲ್ಲಿನ ಶಾಸನಗಳಲ್ಲಿ ಅಯ್ಯಾವೊಳೆ ಐನೂರ್ವರು ಅನ್ನೋ ವರ್ತಕರ ಸಂಘ ಬರ್ತದೆ. ಅಯ್ಯಾವೊಳೆ ಅಂದ್ರೆ ಇವತ್ತಿನ ಐಹೊಳೆ.

ಚಾಲುಕ್ಯರಿಗೂ ಚೋಳರಿಗೂ ಯುದ್ಧ ನಡೀತಿದ್ದ ಕಾಲ ಅದು. ಇವರು ಮಾತ್ರ ಎರಡೂ ರಾಜ್ಯಗಳಲ್ಲಿ ವ್ಯಾಪಾರ ಮಾಡ್ತಿದ್ರು. ಒಬ್ಬ ರಾಜನ ಕಾನೂನು ಅವನ ಗಡಿಗೆ ಮುಗೀತದೆ. ಹಾಗಾಗಿ ಇವರು ತಮ್ಮದೇ ಕಟ್ಟಳೆ ಮಾಡ್ಕೊಂಡಿದ್ರು, ಅದರ ಹೆಸರು ವೀರಬಣಂಜು ಧರ್ಮ. ಸರಕು ಕಾಯೋಕೆ ಆಯುಧ ಹಿಡಿದ ಸ್ವಂತ ಪಡೆ ಇತ್ತು. ಸುಮಾತ್ರಾದ ಬರೂಸ್‌ನಲ್ಲಿ 1088ರ ಒಂದು ತಮಿಳು ಶಾಸನ ಸಿಕ್ಕಿದೆ. ಬಂದ ಹಡಗಿನವರು ಚಿನ್ನದ ಲೆಕ್ಕದಲ್ಲಿ ಶುಲ್ಕ ಕೊಡಬೇಕು ಅನ್ನೋ ನಿಯಮ ಅದರಲ್ಲಿದೆ. ನಿಯಮ ಮಾಡಿದ್ದು ಈ ಐನೂರ್ವರೇ!

3/6
ಹಾಗಾದ್ರೆ ಸರ್ಕಾರ ಇಲ್ದೆ ಮಾರುಕಟ್ಟೆ ನಡೀತು ಅಂತಾಯ್ತಲ್ಲ? ಸ್ವಲ್ಪ ನಿಂತು ನೋಡಿ. ಕಟ್ಟಳೆ, ಪಡೆ, ಶುಲ್ಕ. ಈ ಮೂರೂ ಒಬ್ಬರ ಕೈಯಲ್ಲಿದ್ರೆ ನಾವು ಅವರನ್ನ ಏನಂತ ಕರೀತೇವೆ? ರಾಜನ ಸರ್ಕಾರ ತಲುಪದ ಕಡೆ ವರ್ತಕರು ತಾವೇ ಒಂದು ಸಣ್ಣ ಸರ್ಕಾರ ಕಟ್ಟಿಕೊಂಡ್ರು, ಅಷ್ಟೇ. ರಾಜರನ್ನೂ ಅವರು ಬಿಟ್ಟುಕೊಡಲಿಲ್ಲ, ಸುಂಕದ ವಿನಾಯ್ತಿ ಪಡೀತಿದ್ರು. ಸಂಘದ ಒಳಗಿದ್ದವರಿಗೆ ಇದು ಚಂದದ ವ್ಯವಸ್ಥೆ. ಹೊರಗಿದ್ದ ಸಣ್ಣ ಬೆಳೆಗಾರನಿಗೆ ಸಂಘದಿಂದಲೇ ಅನ್ಯಾಯ ಆದ್ರೆ ಅವನು ಯಾರ ಬಾಗಿಲು ತಟ್ಟಬೇಕು?

4/6
ಎರಡನೇದು ನೂರು ವರ್ಷ ಹಿಂದಿನದು, ನಮ್ಮ ಅಡಿಕೆಯದ್ದೇ. ಉತ್ತರ ಕನ್ನಡ ಆಗ ಬಾಂಬೆ ಪ್ರಾಂತ್ಯದಲ್ಲಿತ್ತು. ಕಂದಾಯ ವಸೂಲಿಗೆ ಬ್ರಿಟಿಷ್ ಸರ್ಕಾರ ತಪ್ಪದೆ ಬರ್ತಿತ್ತು, ಅಡಿಕೆ ತೂಗೋ ಜಾಗದಲ್ಲಿ ಮಾತ್ರ ಇರ್ತಿರಲಿಲ್ಲ. ಪುಸ್ತಕದಲ್ಲಿ ಹೇಳೋ ಮುಕ್ತ ಮಾರುಕಟ್ಟೆಗೆ ಇದು ಹತ್ತಿರವೇ ಅಲ್ವಾ?

ನಡೆದದ್ದೇನು ಗೊತ್ತಾ? ಕೊಯ್ಲಿಗೆ ಮೊದಲೇ ಸಾಲ ಕೊಡೋನು ವ್ಯಾಪಾರಿ. ತಕ್ಕಡಿ ಅವನದ್ದು, ದರ ಹೇಳೋನೂ ಅವನೇ. ಸಾಲ ತಗೊಂಡವನು ಅಡಿಕೆನ ಬೇರೆಯವರಿಗೆ ಮಾರೋ ಹಾಗಿರಲಿಲ್ಲ. ಬೇಡ ಅನ್ನೋ ಸ್ವಾತಂತ್ರ್ಯ ಒಂದೇ ಕಡೆಗೆ ಇದ್ರೆ ಅದನ್ನ ಮುಕ್ತ ಅನ್ನೋದು ಹೇಗೆ?

5/6
1923ರಲ್ಲಿ ಬೆಳೆಗಾರರೇ ಸೇರಿ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಕಟ್ಟಿದ್ರು. ನಮ್ಮೆಲ್ಲರ ಬಾಯಲ್ಲಿ ಅದು ಟಿಎಸ್ಎಸ್. ಇವತ್ತು ರಾಶಿ, ಚಾಲಿ, ಬೆಟ್ಟೆ ಹೇಗೆ ಮಾರಾಟ ಆಗ್ತದೆ ನೋಡಿ: ಬೆಳೆಗಾರನ ಅಡಿಕೆ ಬೇರೆ ಬೇರೆ ಲಾಟ್ ಆಗಿ ಇರ್ತದೆ, ವ್ಯಾಪಾರಿಗಳು ಟೆಂಡರಿನಲ್ಲಿ ದರ ಬರೀತಾರೆ, ಹೆಚ್ಚು ಬರೆದವನಿಗೆ ಮಾಲು. ದರ ಒಪ್ಪಿಗೆ ಆಗದಿದ್ರೆ ಬೆಳೆಗಾರ ಕೊಡೋದಿಲ್ಲ ಅನ್ನಬಹುದು.

ಸೊಸೈಟಿ ಕಟ್ಟಿದ್ದು ಸರ್ಕಾರ ಅಲ್ಲ, ನಿಜ. ಆದ್ರೆ ಅದರ ಹಿಂದೆ 1912ರ ಸಹಕಾರಿ ಕಾಯ್ದೆ ಇತ್ತು. ನೋಂದಣಿ, ಪ್ರತಿ ವರ್ಷ ಆಡಿಟ್, ಮೇಲೊಬ್ಬ ರಿಜಿಸ್ಟ್ರಾರ್. ಲೆಕ್ಕ ತಪ್ಪಿದ್ರೆ ಕೇಳೋಕೆ ಒಂದು ಜಾಗ ಇತ್ತು. ಆಮೇಲೆ ಮಾರುಕಟ್ಟೆ ಯಾರ್ಡಿಗೆ 1939ರ ಬಾಂಬೆ ಕಾಯ್ದೆ, 1966ರ ಕರ್ನಾಟಕ ಎಪಿಎಂಸಿ ಕಾಯ್ದೆ ಬಂದವು.

6/6
ಎಪಿಎಂಸಿಯಲ್ಲಿ ಎಲ್ಲಾ ಸರಿ ಇದೆ ಅಂತ ನಾನು ಹೇಳ್ತಿಲ್ಲ. ಲೈಸೆನ್ಸ್ ಇದ್ದವರೇ ಕೊಳ್ಳಬೇಕು ಅಂದ್ರೆ ಕೊಳ್ಳೋರು ಕಮ್ಮಿ ಆಗ್ತಾರೆ, ಸೆಸ್ ಭಾರ ಕೊನೆಗೆ ಯಾರದ್ದೋ ತಲೆ ಮೇಲೆ ಬೀಳ್ತದೆ. 2020ರಲ್ಲಿ ಯಾರ್ಡಿನ ಹೊರಗೂ ಮಾರಬಹುದು ಅಂತ ಕೇಂದ್ರದ ಕಾನೂನು ಬಂತು, 2021ರಲ್ಲಿ ವಾಪಸ್ ಹೋಯ್ತು. ಆ ಜಗಳ ಇನ್ನೂ ಮುಗಿದಿಲ್ಲ.

ಆದ್ರೆ ಒಂದು ಮಾತು ಯೋಚನೆ ಮಾಡಿ. 2023ರಲ್ಲಿ ಕೇಂದ್ರ ಸರ್ಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನ ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿತು. ಹೊರಗಿನ ಅಗ್ಗದ ಅಡಿಕೆ ಬಂದು ನಮ್ಮ ದರ ಬೀಳಬಾರದು ಅಂತ. ಹುಲೇಕಲ್ಲಿನಿಂದ ಯಲ್ಲಾಪುರದ ತನಕ ಅಡಿಕೆ ತೋಟ ಇರೋ ಯಾರ ಮನೆಯಲ್ಲಾದರೂ ಕೇಳಿ, ಸರ್ಕಾರ ಇಲ್ಲಿ ಕೈ ಹಾಕಬಾರದಿತ್ತು ಅಂತ ಎಷ್ಟು ಜನ ಹೇಳ್ತಾರೆ?

ನನಗೆ ಅನಿಸೋದು ಇಷ್ಟು. ತಕ್ಕಡಿ ಪಕ್ಕದ ಕುರ್ಚಿ ಯಾವತ್ತೂ ಖಾಲಿ ಇರೋದಿಲ್ಲ. ಸರ್ಕಾರ ಕೂರದಿದ್ರೆ ಸಾಲ ಕೊಟ್ಟವನು ಕೂರ್ತಾನೆ, ಇಲ್ಲಾ ಸಂಘ ಕೂರ್ತದೆ. ಯಾರೇ ಕೂತಿರಲಿ, ಅವರನ್ನ ಎದ್ದು ನಿಂತು ಲೆಕ್ಕ ಕೇಳೋಕೆ ನಮ್ಮಿಂದ ಆಗ್ತದಾ ಅನ್ನೋದನ್ನ ಮೊದಲು ನೋಡಬೇಕು.

ನಿಮ್ಮ ಮನೆಯ ಹಿರಿಯರಿಗೆ ಸೊಸೈಟಿಗಿಂತ ಹಿಂದಿನ ವ್ಯಾಪಾರದ ಕತೆ ಗೊತ್ತಿದ್ರೆ ಕೇಳಿ ಬರೀರಿ. ಮುಂದಿನ ಕಂತಿಗೆ ಅದೇ ವಿಷಯ.

#ಹುಲೇಕಲ್ #ಶಿರಸಿ #ಅಡಿಕೆ #ನಮ್ಮೂರಇತಿಹಾಸ #ಬಿಕಾಂ