ಕಡ ಕೊಟ್ಟ ನಂಬಿಕೆ

ಊಟಿಗೋ ವಯನಾಡಿಗೋ ಹೊರಟ ಬೆಂಗಳೂರಿಗರಿಗೆ ಗುಂಡ್ಲುಪೇಟೆ ಅಂದರೆ ಒಂದು ಕಾಫಿ ಬ್ರೇಕು. ಸೂರ್ಯಕಾಂತಿ ಅರಳಿದ್ದರೆ ಹೊಲದ ಮುಂದೆ ನಿಂತು ಒಂದು ರೀಲ್ಸು. ರಾತ್ರಿ 9ಕ್ಕೆ ಬಂಡೀಪುರದ ಗೇಟು ಮುಚ್ಚುತ್ತೆ ಅಂತ ಅವಸರದಲ್ಲಿ ಗಾಡಿ ಹತ್ತಿಬಿಡ್ತೀವಿ. ಆ ಊರಿನ ಮತದಾರರ ಬಗ್ಗೆ ನಮಗಿರುವ ಅಭಿಪ್ರಾಯವೂ ಅಷ್ಟೇ ಅವಸರದ್ದು: ಹಳ್ಳಿ ಕಡೆಯವರು, ಜಾತಿ ನೋಡಿ ಹಾಕ್ತಾರೆ, ಮನೆತನ ನೋಡಿ ಹಾಕ್ತಾರೆ. ಯೋಚಿಸಿ ಮನಸ್ಸು ಬದಲಿಸುವವರು ನಾವು ಮಾತ್ರ!

ಗುಂಡ್ಲುಪೇಟೆಯ ಚರಿತ್ರೆ ಇದನ್ನು ಒಪ್ಪೋದಿಲ್ಲ.

ಮೊದಲು ಒಂದು ಮಾತು. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಮತದಾರರೇ ಪ್ರೈಮರಿಯಲ್ಲಿ ತೀರ್ಮಾನಿಸ್ತಾರೆ. ನಂಬಿಕೆ ಹೋದರೆ ಅಲ್ಲೇ ಕೈಬಿಡ್ತಾರೆ. ನಮ್ಮಲ್ಲಿ ಟಿಕೆಟ್ ಕೊಡೋದು ಹೈಕಮಾಂಡ್. ಹಾಗಾಗಿ ಆ ಪರೀಕ್ಷೆಯನ್ನೂ ಚುನಾವಣೆಯ ದಿನವೇ ಮಾಡಬೇಕು. ಗುಂಡ್ಲುಪೇಟೆ ಅದನ್ನು ಬಹಳ ಹಿಂದೆಯೇ ಕಲಿತ ಊರು. ಇಲ್ಲಿಂದ ಏಳು ಸಲ ಗೆದ್ದ ಕೆ.ಎಸ್. ನಾಗರತ್ನಮ್ಮ 1972ರಲ್ಲಿ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಆಮೇಲೆ ಎಚ್.ಎಸ್. ಮಹದೇವಪ್ರಸಾದ್ 1994ರಿಂದ 2013ರವರೆಗೆ ಸತತ ಐದು ಸಲ ಗೆದ್ದರು. ಮೊದಲು ಜನತಾದಳ, ನಂತರ ಜೆಡಿಯು, ಜೆಡಿಎಸ್, ಕೊನೆಗೆ ಕಾಂಗ್ರೆಸ್. ಪಕ್ಷ ಬದಲಾಯಿತು, ಮತದಾರ ಆಳನ್ನು ಬಿಡಲಿಲ್ಲ.

ಈ ಗೋಡೆಗೆ ಪದೇ ಪದೇ ತಲೆ ಚಚ್ಚಿಕೊಂಡವರು ಬಿಜೆಪಿಯ ಸಿ.ಎಸ್. ನಿರಂಜನಕುಮಾರ್. 2008ರಲ್ಲಿ ಸುಮಾರು 2,200 ಮತಗಳಿಂದ ಸೋತರು. 2013ರಲ್ಲಿ ಮತ್ತೆ ಸೋತರು. 2017ರ ಜನವರಿಯಲ್ಲಿ ಸಚಿವರಾಗಿದ್ದಾಗಲೇ ಮಹದೇವಪ್ರಸಾದ್ ತೀರಿಕೊಂಡರು. ಏಪ್ರಿಲ್ 9ರ ಉಪಚುನಾವಣೆಯಲ್ಲಿ ಅವರ ಪತ್ನಿ ಗೀತಾ ಮಹದೇವಪ್ರಸಾದ್ ಎದುರು ನಿರಂಜನಕುಮಾರ್‌ಗೆ ಮೂರನೇ ಸೋಲು, ಅದೂ 10 ಸಾವಿರಕ್ಕಿಂತ ಹೆಚ್ಚು ಮತಗಳಿಂದ.

ಇಲ್ಲಿಗೆ ಕಥೆ ಮುಗೀತು ಅಂದುಕೊಂಡವರಿಗೆ 2018ರ ಮೇ ತಿಂಗಳು ಉತ್ತರ ಕೊಟ್ಟಿತು. ಅಷ್ಟರಲ್ಲಿ ಗೀತಾ ಸಚಿವೆಯೂ ಆಗಿದ್ದರು. ಆದರೂ ಅದೇ ಊರು, ಅದೇ ಇಬ್ಬರು ಅಭ್ಯರ್ಥಿಗಳ ನಡುವೆ ಈ ಸಲ ನಿರಂಜನಕುಮಾರ್ ಅವರನ್ನು 16 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿತು. ಅನುಕಂಪದ ಆಯಸ್ಸು 13 ತಿಂಗಳು! ಹತ್ತು ವರ್ಷ ಬಾಗಿಲು ತಟ್ಟಿದವರಿಗೆ ಕೊನೆಗೂ ಬಾಗಿಲು ತೆರೆಯಿತು.

ತೆರೆದದ್ದು ಐದೇ ವರ್ಷಕ್ಕೆ. 2023ರಲ್ಲಿ ಮಹದೇವಪ್ರಸಾದ್ ಅವರ ಮಗ ಎಚ್.ಎಂ. ಗಣೇಶಪ್ರಸಾದ್ 36 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ನಿರಂಜನಕುಮಾರ್ 2018ರಲ್ಲಿ ಪಡೆದಿದ್ದು ಸುಮಾರು 94 ಸಾವಿರ ಮತ, 2023ರಲ್ಲಿ 71 ಸಾವಿರ.

'ಅದು ಕಾಂಗ್ರೆಸ್ ಅಲೆ ಬಿಡಿ' ಅನ್ನಬಹುದು. ಅಲ್ಲೇ ಇರೋದು ಸ್ವಾರಸ್ಯ. ಆ ಚುನಾವಣೆಯಲ್ಲಿ ಬಿಜೆಪಿ ಕಳೆದುಕೊಂಡದ್ದು ಸೀಟುಗಳನ್ನು; ರಾಜ್ಯದಲ್ಲಿ ಅದರ ಮತಪ್ರಮಾಣ 2018ರಲ್ಲೂ 2023ರಲ್ಲೂ ಸುಮಾರು ಶೇ. 36. ಇಡೀ ರಾಜ್ಯದಲ್ಲಿ ಪಕ್ಷ ತನ್ನ ಪಾಲು ಉಳಿಸಿಕೊಂಡಾಗ ಗುಂಡ್ಲುಪೇಟೆಯಲ್ಲಿ 23 ಸಾವಿರ ಮತ ಕೈಬಿಟ್ಟಿತು. ಮನೆತನದ ಮೋಹ ಅನ್ನೋಣ ಅಂದರೆ, ಅದೇ ಮನೆಯವರನ್ನು ಈ ಊರು ಹಿಂದಿನ ಸಲವೇ ಸೋಲಿಸಿತ್ತು.

ಪಕ್ಕದ ಚಾಮರಾಜನಗರದಲ್ಲೂ ಅದೇ ವರ್ಷ ಇನ್ನೊಂದು ಪಾಠ. ಬೆಂಗಳೂರಿನ ಗೋವಿಂದರಾಜನಗರದ ಶಾಸಕರಾಗಿದ್ದ ಸಚಿವ ವಿ. ಸೋಮಣ್ಣ ಅವರನ್ನು ಬಿಜೆಪಿ ವರುಣಾ ಮತ್ತು ಚಾಮರಾಜನಗರ ಎರಡರಲ್ಲೂ ನಿಲ್ಲಿಸಿತು. ಎರಡರಲ್ಲೂ ಸೋತರು. ಚಾಮರಾಜನಗರದಲ್ಲಿ ಸಿ. ಪುಟ್ಟರಂಗಶೆಟ್ಟಿ ಸತತ ನಾಲ್ಕನೇ ಸಲ ಗೆದ್ದರು. ಹೊರಗಿನವರು ಅನ್ನೋದೊಂದೇ ಕಾರಣವಲ್ಲ. 2024ರಲ್ಲಿ ತುಮಕೂರಿನಲ್ಲೂ ಅವರು ಹೊರಗಿನವರೇ, ಆದರೂ ಲೋಕಸಭೆಗೆ ಗೆದ್ದರು. ಆದರೆ ಎರಡು ಕಡೆ ನಿಂತವರನ್ನು ನೋಡಿದ ಮತದಾರನಿಗೆ ಒಂದು ಪ್ರಶ್ನೆ ಬಂದೇ ಬರುತ್ತೆ: ಎರಡೂ ಕಡೆ ಗೆದ್ದರೆ ಇವರು ನಮ್ಮನ್ನು ಉಳಿಸಿಕೊಳ್ತಾರಾ, ಬಿಡ್ತಾರಾ?

ಈ ಪ್ರಶ್ನೆಯ ಹಿಂದೆ ಒಂದು ಹಳೆಯ ನೋವೂ ಇದೆ. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ತಾರೆ ಅನ್ನೋ ಮೂಢನಂಬಿಕೆಗೆ ಹೆದರಿ ಹಲವು ಮುಖ್ಯಮಂತ್ರಿಗಳು ಈ ಪಟ್ಟಣದ ಕಡೆ ತಲೆ ಹಾಕಲಿಲ್ಲ. 2021ರ ಮೇ 2 ಮತ್ತು 3ರ ನಡುವೆ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕ ಸಿಗದೆ ಸತ್ತವರು ಮೂವರು ಮಾತ್ರ ಅಂತ ಆಗಿನ ಸರ್ಕಾರ ಹೇಳಿತು. ಹೈಕೋರ್ಟ್ ಸೂಚನೆಯ ಮೇಲೆ ರಚನೆಯಾದ ಸಮಿತಿ ಅದನ್ನು ಒಪ್ಪಲಿಲ್ಲ. 2023ರ ಒಂದೊಂದು ಮತವನ್ನೂ ಈ ರಾತ್ರಿಯ ಲೆಕ್ಕಕ್ಕೆ ಬರೆಯೋದು ತಪ್ಪು. ಆದರೆ ಆ ರಾತ್ರಿಯನ್ನು ಬಿಟ್ಟು ಈ ಜಿಲ್ಲೆಯ ನಂಬಿಕೆಯ ಚರಿತ್ರೆ ಬರೆಯೋಕೂ ಆಗಲ್ಲ. ಎರಡು ವರ್ಷದ ನಂತರ ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ ಬಿಜೆಪಿಗೆ ಒಂದೂ ಸಿಗಲಿಲ್ಲ.

ಹಾಗಂತ ಈ ಜನ ಬಿಜೆಪಿಯ ವಿರೋಧಿಗಳು ಅಂತಲ್ಲ. 2018ರಲ್ಲಿ ಗುಂಡ್ಲುಪೇಟೆಯ ಸೀಟು, 2019ರಲ್ಲಿ 1,817 ಮತಗಳ ಅಂತರದಲ್ಲಿ ಲೋಕಸಭಾ ಸೀಟು, ಎರಡನ್ನೂ ಆ ಪಕ್ಷಕ್ಕೆ ಕೊಟ್ಟವರು ಇವರೇ. ಕೊಟ್ಟದ್ದು ದಾನವಲ್ಲ, ಕಡ. ಕಡಕ್ಕೆ ವಾಯಿದೆ ಇರುತ್ತೆ. 2017ರಲ್ಲಿ ಕಾಂಗ್ರೆಸ್‌ಗೆ ಕೊಟ್ಟದ್ದೂ ಕಡವೇ ಆಗಿತ್ತು, 2023ರಲ್ಲಿ ಕೊಟ್ಟದ್ದೂ ಅಷ್ಟೇ.

ಮುಂದಿನ ಸಲ ಗುಂಡ್ಲುಪೇಟೆಯಲ್ಲಿ ಕಾಫಿಗೆ ನಿಂತಾಗ ಅಂಗಡಿಯವರನ್ನು ಎಲೆಕ್ಷನ್ ಬಗ್ಗೆ ಒಂದು ಮಾತು ಕೇಳಿ ನೋಡಿ. ಆಮೇಲೆ ನಮ್ಮ ವಾರ್ಡಿನ ಕಾರ್ಪೊರೇಟರ್ ಹೆಸರು ನಮಗೆ ನೆನಪಿದೆಯಾ ಅಂತ ನಾವೇ ಕೇಳಿಕೊಳ್ಳೋಣ.